ರಟ್ಟಿನ ಗುಡ್ಡ

ಮಕ್ಕಳು ಅವಳಿಗೆ ಇಟ್ಟ ಹೆಸರು ಗ್ಲೋಬ್ ಟೀಚರ್. ಕಂಕುಳಲ್ಲಿ ಗ್ಲೋಬ್ ಇಲ್ಲದೆ ಅವಳು ತರಗತಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ, "ಏನು ಟೀಚರ್, ಪಾಪುಗೆ ಹಾಲು ಕುಡಿಸಿದ್ರಾ?" ಎಂದು ಕಾಲೆಳೆಯುತ್ತಿದ್ದರು. ಅವಳೂ ಬಿಡುತ್ತಿರಲಿಲ್ಲ, "ನಿಮ್ಮ ಕಾಂಪಾಸು ಪೆಟ್ಟಿಗೆಗಿಂತ ಇದು ಎಷ್ಟೋ ವಾಸಿ, ಚುಚ್ಚೋದಿಲ್ಲ" ಎನ್ನುತ್ತಿದ್ದಳು.

ಭೂಗೋಳದ ಕೋಣೆಯ ಉದ್ದನೆಯ ಮೇಜಿನ ಮೇಲೆ ಇಡೀ ಊರು ಹರಡಿಕೊಂಡಿತ್ತು. ಏಳನೇ ತರಗತಿಯ ಮಕ್ಕಳು ಅಂಗಡಿಗಳಿಂದ ಬೇಡಿ ತಂದ ಹಳೇ ರಟ್ಟಿನ ಪೆಟ್ಟಿಗೆಗಳಿಂದ, ಬರೆದು ಬಿಸಾಡಿದ ನೋಟ್‌ಬುಕ್ಕುಗಳನ್ನು ನೆನೆಸಿ ರುಬ್ಬಿದ ಮುದ್ದೆಯಿಂದ ಮಾಡಿದ ಊರು ಅದು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳಿರುತ್ತವೆ. ಆ ಗೆರೆಗಳ ಆಕಾರಕ್ಕೆ ರಟ್ಟು ಕತ್ತರಿಸಿ ಒಂದರ ಮೇಲೊಂದು ಅಂಟಿಸುತ್ತಾ ಹೋದರೆ ಊರಿನ ಉಬ್ಬುತಗ್ಗೆಲ್ಲ ಕೈಗೆ ಸಿಗುತ್ತದೆ. ಕಾಸು ಖರ್ಚಿಲ್ಲದ ಪಾಠ, ಕಸವೂ ಕಡಿಮೆ. ಅವಳಿಗೆ ಅದರ ಬಗ್ಗೆ ಎಷ್ಟು ಹೆಮ್ಮೆಯೆಂದರೆ ಗುಡಿಸುವವರನ್ನೂ ಆ ಮೇಜಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ.

ಮೇಣ ಸವರಿದ ಆ ಮಾದರಿಯ ಮೇಲೆ ಚೊಂಬಿನಿಂದ ನೀಲಿ ನೀರು ಸುರಿದು, "ಹೊಳೆ ಉಕ್ಕಿದ್ರೆ ಎಲ್ಲಿಗೆ ಓಡ್ತೀರಿ?" ಎಂದು ಕೇಳುವುದು ಪಾಠದ ಮುಖ್ಯ ಭಾಗ. ಬಹುಪಾಲು ಮಕ್ಕಳ ಮನೆ ಇದ್ದದ್ದು ಹೊಳೆಗೆ ಅಂಟಿಕೊಂಡ ಕೆಳಗಿನ ಬೀದಿಯಲ್ಲಿ. ಅಲ್ಲಿ ನೀರು ಮುಟ್ಟದೆ ಉಳಿಯುತ್ತಿದ್ದ ಜಾಗ ಒಂದೇ, ಬೀದಿಯ ಕೊನೆಯ ಆಟದ ಬಯಲು. ಬಯಲಿನ ಪಕ್ಕದ ರೈಲ್ವೆ ಸೇತುವೆಯನ್ನು ಮಕ್ಕಳು ಮಾದರಿಯಲ್ಲಿ ಕಟ್ಟಿರಲಿಲ್ಲ. ಮಾದರಿಯಲ್ಲಿ ಅದು ಪುಟ್ಟ ಗುಡ್ಡದ ಹಾಗೆ ಎದ್ದು ನಿಂತಿತ್ತು. ಮಕ್ಕಳು ಅದಕ್ಕೆ ರಟ್ಟಿನ ಗುಡ್ಡ ಎಂದು ಹೆಸರಿಟ್ಟರು. ನಿಜವಾದ ಬಯಲಿಗೂ ಮಣ್ಣಿನ ಏರಿ ಹತ್ತಿಯೇ ಹೋಗಬೇಕಿದ್ದರಿಂದ ಅದು ಎತ್ತರದ ಜಾಗವೆಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಪಾಠ ಮೇಜಿನ ಮೇಲೆ ಮುಗಿಯಲಿಲ್ಲ. ಅವಳು ಮಕ್ಕಳನ್ನು ಬೀದಿಗೆ ಇಳಿಸಿ ಬಯಲಿಗೆ ಓಡುವ ಅಭ್ಯಾಸ ಮಾಡಿಸಿದಳು. ಸಾಮಾನು ಕಟ್ಟುತ್ತಾ ಕೂರಬಾರದು. ಮನೆಯ ಮುದುಕರನ್ನೂ ಚಿಕ್ಕವರನ್ನೂ ಕೈಹಿಡಿದು ಕರೆತರಬೇಕು. ದೊಡ್ಡವರು ಏನೇ ಹೇಳಿ ಹೆದರಿಸಿದರೂ ನಕ್ಷೆಯನ್ನೇ ನಂಬಬೇಕು. ಇದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದವಳು ತರಗತಿಯ ಮಾನಿಟರ್, ಕೆಳಗಿನ ಬೀದಿಯ ಹೊಲಿಗೆಯವಳ ಮಗಳು. ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತಾಳೆಂದು ಅವಳಿಗೆ ಗಿಣಿ ಎಂದೇ ಹೆಸರು.

ಶನಿವಾರ ಶಿಕ್ಷಣ ಕಚೇರಿಯ ತಂಡ ಮಾದರಿ ನೋಡಲು ಬರುವುದಿತ್ತು. ಪಕ್ಕದ ಗೋಡೆಗೆ ತೂಗುಹಾಕೋಣವೆಂದು ಅವಳು ನಕ್ಷೆಯ ಅಸಲು ಪ್ರತಿಯನ್ನು ತರಿಸಿದ್ದಳು. ಅದುವರೆಗೆ ಮಕ್ಕಳು ಬಳಸಿದ್ದು ಮಸುಕು ಜೆರಾಕ್ಸ್. ಶುಕ್ರವಾರ ಸಂಜೆ ಅಸಲನ್ನು ಬಿಡಿಸಿ ಗೋಡೆಗೆ ಒತ್ತಿ ಹಿಡಿದಾಗ ಬಯಲಿನ ಸುತ್ತುಗೆರೆಗಳ ಮೇಲೆ ಸಣ್ಣ ಗೀಟುಗಳು ಕಂಡವು. ಬಾಚಣಿಗೆಯ ಹಲ್ಲಿನಂಥ ಗೀಟುಗಳು, ಎಲ್ಲವೂ ಒಳಕ್ಕೆ ಮುಖ ಮಾಡಿದವು.

ನಕ್ಷೆಯಲ್ಲಿ ಗುಡ್ಡಕ್ಕೂ ಗುಂಡಿಗೂ ಸುತ್ತುಗೆರೆ ಒಂದೇ ಥರ. ಒಳಮುಖದ ಗೀಟು ಇದ್ದರೆ ಅದು ಗುಂಡಿ. ಜೆರಾಕ್ಸ್ ಯಂತ್ರ ಆ ಗೀಟುಗಳನ್ನು ನುಂಗಿಹಾಕಿತ್ತು, ಅವಳು ಗುಂಡಿಯನ್ನು ಮಗುಚಿ ಗುಡ್ಡ ಮಾಡಿ ನಿಲ್ಲಿಸಿದ್ದಳು. ಬಯಲು ಹಿಂದೆ ಇಟ್ಟಿಗೆಗೆ ಮಣ್ಣು ತೆಗೆದ ಜಾಗ. ಸುತ್ತ ಏರಿ ಇದೆ, ಅದನ್ನು ಹತ್ತಿಯೇ ಒಳಗೆ ಹೋಗಬೇಕು, ನಿಜ. ಆದರೆ ಹತ್ತಿದ್ದಕ್ಕಿಂತ ಹೆಚ್ಚು ಆಚೆಗೆ ಇಳಿಯುತ್ತೇವೆ, ಅದೂ ಕಾಲಿಗೆ ಗೊತ್ತಾಗದಷ್ಟು ನಿಧಾನವಾಗಿ. ಏರಿಯ ಹೊರಗೆ ಹೊಳೆ. ಇಷ್ಟು ವರ್ಷ ಭೂಗೋಳ ಕಲಿಸಿದವಳಿಗೆ ಇದು ಹೊಳೆಯಲಿಲ್ಲವೆಂದರೆ ಯಾರ ಮುಂದೆ ಮುಖ ತೋರಿಸುವುದು?

ನಕ್ಷೆಯನ್ನು ಸುತ್ತಿಕೊಂಡು ಸೀದಾ ಹೆಡ್‌ಮೇಷ್ಟ್ರ ಕೋಣೆಗೆ ಹೋದಳು. ಅವರು ಕನ್ನಡಕ ಹಣೆಗೇರಿಸಿ ಗೀಟುಗಳನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಇದು ನಿಮ್ಮನ್ನೂ ನನ್ನನ್ನೂ ಬಿಟ್ಟು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ ಸರ್. ಆದ್ರೆ ನಾಳೆ ಅಭ್ಯಾಸ..."

"ನೋಡಿ ಟೀಚರ್, ಮುಂದಿನ ವರ್ಷ ನಿಮ್ಮ ಪೀರಿಯಡ್ಡೆಲ್ಲ ಕಂಪ್ಯೂಟರಿಗೆ ಕೊಡ್ತಾರೆ ಅಂತ ಮಾತಿದೆ. ನಾಳೆ ಬರೋರು ಮೆಚ್ಚಿದ್ರೆ ಭೂಗೋಳ ಉಳ್ಕೊಳ್ಳುತ್ತೆ. ಈಗ ಹೋಗಿ ಆ ಗುಡ್ಡ ಕಿತ್ತು ಗುಂಡಿ ತೋಡ್ತೀರಾ? ನಾಳೆ ಒಂದಿನ ಕಳೀಲಿ. ಸೋಮವಾರ ಮೊದಲ ಪೀರಿಯಡ್ಡಲ್ಲೇ ಮಕ್ಕಳಿಗೆ ಹೇಳ್ಬಿಡಿ. ಎರಡು ದಿನದಲ್ಲಿ ಪ್ರಳಯ ಆಗುತ್ತಾ?"

ಆಗುವುದಿಲ್ಲ ಎಂದು ಅವಳಿಗೂ ಅನಿಸಿತು, ಅಥವಾ ಅನಿಸಲಿ ಎಂದು ಬಯಸಿದಳು. ಅಸಲು ನಕ್ಷೆಯನ್ನು ಗೋಡೆಗೆ ಹಾಕಲಿಲ್ಲ, ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಶನಿವಾರ ತಂಡ ಬಂತು. ಅವಳು ಸೀಟಿ ಊದಿದಳು. ಮಕ್ಕಳು ಸಾಲಾಗಿ ಬಯಲಿಗೆ ಓಡಿದರು, ಗಿಣಿ ಮುಂದೆ ನಿಂತು ಹಾಜರಿ ಕೂಗಿದಳು. ಬಂದವರು ಚಪ್ಪಾಳೆ ತಟ್ಟಿ, ಎಲ್ಲ ಶಾಲೆಗಳೂ ನೋಡಿ ಕಲಿಯಬೇಕು ಅಂದರು. ಗಣಿತದ ಮೇಷ್ಟ್ರು ಕೂಡ, "ಪಾಪು ಗೆದ್ದುಬಿಡ್ತು ಬಿಡಿ" ಎಂದು ಕೈ ಕುಲುಕಿದರು. ಅವಳು ಅಷ್ಟಗಲ ನಕ್ಕಳು. ಮನೆಗೆ ಹೋಗಿ ಊಟ ಮಾಡದೆ ಮಲಗಿದಳು.

ಭಾನುವಾರ ಬೆಳಗಾಗುವ ಮೊದಲೇ ಮಳೆ ಹಿಡಿಯಿತು, ಆಕಾಶಕ್ಕೆ ತೂತು ಬಿದ್ದಂತೆ ಸುರಿಯಿತು. ಮಧ್ಯಾಹ್ನ ಬೀದಿಯಲ್ಲಿ ಮೈಕು ಕಟ್ಟಿದ ಆಟೋ ಹಾದುಹೋಯಿತು. ಮೇಲಿನ ಅಣೆಕಟ್ಟಿನ ಬಾಗಿಲು ತೆರೆದಿದ್ದಾರೆ, ಕೆಳಗಿನ ಬೀದಿಯವರು ಕೂಡಲೇ ಎತ್ತರದ ಜಾಗಕ್ಕೆ ಹೋಗಬೇಕು. ಎತ್ತರದ ಜಾಗ ಎಂದದ್ದು ಕಿವಿಗೆ ಬಿದ್ದದ್ದೇ ತಡ, ಅವಳು ತಟ್ಟೆ ಬಿಟ್ಟು ಎದ್ದಳು. ಹೆಡ್‌ಮೇಷ್ಟ್ರ ಫೋನು ಹೋಗಲಿಲ್ಲ. ಹೊಲಿಗೆಯವಳ ಫೋನೂ ಹೋಗಲಿಲ್ಲ. ಯಾರ ಫೋನೂ ಹೋಗಲಿಲ್ಲ.

"ಈ ಮಳೇಲಿ ಎಲ್ಲಿಗೆ ಹೊರಟೆ?" ಗಂಡ ಬಾಗಿಲಿಗೆ ಅಡ್ಡ ನಿಂತ. "ಆ ಮಕ್ಕಳಿಗೇನು ಅಪ್ಪ ಅಮ್ಮ ಇಲ್ವಾ? ಅವರ ಮಕ್ಕಳನ್ನ ಅವರು ನೋಡ್ಕೋತಾರೆ."

"ಅಪ್ಪ ಅಮ್ಮನ್ನ ಕೈಹಿಡಿದು ಎಳ್ಕೊಂಡು ಹೋಗಿ ಅಂತ ನಾನೇ ಹೇಳ್ಕೊಟ್ಟಿದೀನಿ ಕಣ್ರೀ! ಗುಂಡಿಗೆ ಕಳಿಸಿದೀನಿ ಅವರನ್ನ, ಗುಂಡಿಗೆ! ದಾರಿ ಬಿಡಿ."

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ, ಅವರು ಪಾಠ ಮರೆತಿರಲಿ, ಮರೆತುಬಿಟ್ಟಿರಲಿ ಎಂದು ಬೇಡಿಕೊಂಡಳು. ಯಾವ ಮೇಷ್ಟ್ರೂ ತಮ್ಮ ಮಕ್ಕಳ ಬಗ್ಗೆ ಹಾಗೆ ಬೇಡಿಕೊಂಡಿರಲಿಕ್ಕಿಲ್ಲ. ಕೆಳಗಿನ ಬೀದಿಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು, ಮನೆಗಳ ಬಾಗಿಲು ಹಾಕಿದ್ದವು. ಎಲ್ಲರೂ ಹೊರಟುಹೋಗಿದ್ದರು.

ಏರಿ ಹತ್ತಿ ನೋಡಿದಳು. ಯಾರೂ ಏನೂ ಮರೆತಿರಲಿಲ್ಲ. ಬಯಲಿನ ಮಧ್ಯದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು, ಹಿಂದೆ ಅಜ್ಜಿ ತಾತಂದಿರು, ಕಂಕುಳ ಕೂಸುಗಳು, ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದ ತಾಯಂದಿರು. ಇಡೀ ಬೀದಿಯೇ ಅಲ್ಲಿತ್ತು. ಅವಳನ್ನು ಕಂಡು ಮಕ್ಕಳು ಸಂತೋಷದಿಂದ ಕೈ ಬೀಸಿದರು.

"ಟೀಚರ್, ಎಲ್ಲಾರೂ ಬಂದಿದ್ದಾರೆ!" ಗಿಣಿ ಕೂಗಿದಳು. "ನಮ್ಮಜ್ಜಿ ಬರಲ್ಲ ಅಂತ ಹಟ ಮಾಡಿದ್ರು, ಎಳ್ಕೊಂಡು ಬಂದೆ."

"ಎಲ್ಲಾ ಆಚೆ ನಡೀರಿ! ಇದು ಗುಂಡಿ! ರೈಲ್ವೆ ಸೇತುವೆ ಮೇಲಕ್ಕೆ ನಡೀರಿ!"

ಯಾರೂ ಅಲುಗಾಡಲಿಲ್ಲ. ಮುದುಕರೊಬ್ಬರು, "ಏನಮ್ಮ ನೀನು? ಬನ್ನಿ ಅಂತೀಯ, ಬಂದ್ಮೇಲೆ ಹೋಗಿ ಅಂತೀಯ. ನಮಗೇನು ಕಾಲು ಬಿಟ್ಟಿ ಬಂದಿದ್ಯಾ?" ಎಂದು ರೇಗಿದರು. ಹೊಲಿಗೆಯವಳು, "ಟೀಚರ್ ಹೆದರಿಬಿಟ್ಟಿದ್ದಾರೆ, ಪಾಪ" ಎಂದಳು.

"ನಾನು ಹೇಳ್ಕೊಟ್ಟಿದ್ದು ತಪ್ಪು! ಕೈ ಮುಗೀತೀನಿ, ಹೊರಡಿ!"

ಗಿಣಿ ಜಾಗ ಬಿಟ್ಟು ಕದಲಲಿಲ್ಲ. "ದೊಡ್ಡವರು ಏನೇ ಹೇಳಿ ಹೆದರಿಸಿದ್ರೂ ನಕ್ಷೆಯನ್ನೇ ನಂಬಬೇಕು ಅಂದಿದ್ರಿ," ಎಂದಳು. ಹಿಂದಿನ ಮಕ್ಕಳೆಲ್ಲ ತಲೆಯಾಡಿಸಿದರು.

ಟೀಚರ್ ಕೆಸರಿನಲ್ಲಿ ಮಂಡಿಯೂರಿ ಹುಡುಗಿಯ ಎರಡೂ ಭುಜ ಹಿಡಿದುಕೊಂಡಳು. ಕಿರುಚಿದರೆ ಇವಳು ಕೇಳುವುದಿಲ್ಲ, ಪಾಠ ಮಾಡಿದರೆ ಕೇಳುತ್ತಾಳೆ. ಉಸಿರು ಹಿಡಿದು, ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳಿದಳು.

"ಇಲ್ಲಿ ಚೆಂಡಾಡ್ತೀರಲ್ಲ. ಯಾರೂ ಹಿಡೀದೆ ಇದ್ರೆ ಚೆಂಡು ಎಲ್ಲಿಗೆ ಹೋಗಿ ನಿಲ್ಲುತ್ತೆ?"

"ಮಧ್ಯಕ್ಕೆ."

"ಯಾವ ಕಡೆಯಿಂದ ಎಸೆದ್ರೂ?"

"ಯಾವ ಕಡೆಯಿಂದ ಎಸೆದ್ರೂ ಮಧ್ಯಕ್ಕೇ ಬರುತ್ತೆ."

"ಗುಡ್ಡದ ಮೇಲೆ ಹಾಕಿದ ಚೆಂಡು ಏನಾಗ್ಬೇಕು?"

ಗಿಣಿ ತಲೆ ತಗ್ಗಿಸಿ ಕಾಲ ಬಳಿ ನೋಡಿದಳು. ಏರಿಯ ಕಡೆಯಿಂದ ಮಳೆನೀರು ಸಣ್ಣ ಸಣ್ಣ ಝರಿಯಾಗಿ ಅವರತ್ತಲೇ ಹರಿದು ಬರುತ್ತಿತ್ತು, ಸುತ್ತಲಿನ ಎಲ್ಲ ಕಡೆಯಿಂದಲೂ. ಹುಡುಗಿಯ ಮುಖದ ಬಣ್ಣ ಇಳಿಯಿತು. ಆಮೇಲೆ ತಿರುಗಿ ನಿಂತು ಗಂಟಲು ಹರಿಯುವಂತೆ ಕೂಗಿದಳು.

"ಸಾಲು ತಿರುಗ್ಸಿ! ಅಜ್ಜಿ ತಾತಂದಿರು ಮೊದಲು! ಸೇತುವೆಗೆ!"

ಟೀಚರ್ ಮಾತಿಗೆ ಕದಲದವರು ಗಿಣಿಯ ಮಾತಿಗೆ ಕದಲಿದರು. ಮಕ್ಕಳು ದೊಡ್ಡವರ ಕೈಹಿಡಿದು ಏರಿಯ ಕಡೆಗೆ ಎಳೆದರು. ಟೀಚರ್ ಕಾಲು ಸೋತವರನ್ನು ಬೆನ್ನ ಮೇಲೆ ಹೊತ್ತು ದಾಟಿಸಿದಳು, ಮತ್ತೆ ಓಡಿ ಬಂದಳು, ಮತ್ತೆ ಹೊತ್ತಳು. ರೇಗಿದ್ದ ಆ ಮುದುಕರನ್ನು ಕೊನೆಯದಾಗಿ ದಾಟಿಸುವಾಗ ಏರಿಯ ತಗ್ಗಾದ ಕಡೆ ಹೊಳೆ ತಲೆ ಹಾಕಿತು, ಮರುಕ್ಷಣ ಏರಿಯನ್ನು ಒಡೆದುಕೊಂಡು ನುಗ್ಗಿತು. ಅವರು ಸೇತುವೆಯ ಮೆಟ್ಟಿಲು ಹತ್ತಿ ಹಿಂತಿರುಗಿ ನೋಡುವಷ್ಟರಲ್ಲಿ ಬಯಲು ಇರಲಿಲ್ಲ. ಗೋಲಿನ ಕಂಬಗಳ ತುದಿಯಷ್ಟೇ ನೀರಿನ ಮೇಲೆ ಕಾಣುತ್ತಿತ್ತು.

ಗಿಣಿ ಹಾಜರಿ ಕೂಗಿದಳು. ಎಲ್ಲರೂ ಇದ್ದರು. ಟೀಚರ್ ಸೇತುವೆಯ ಕಂಬಿಗೆ ಒರಗಿ ಕುಸಿದು ಕೂತಳು, ಹಲ್ಲು ಕಟಕಟ ಅನ್ನುತ್ತಿದ್ದವು. ಹೊಲಿಗೆಯವಳು ಪ್ಲಾಸ್ಟಿಕ್ಕಿನೊಳಗೆ ಒದ್ದೆಯಾಗದೆ ಉಳಿದಿದ್ದ ಒಂದೇ ಒಂದು ಟವೆಲನ್ನು ತೆಗೆದು ಅವಳಿಗೆ ಹೊದಿಸಿದಳು.

"ನೀವು ಬರದೆ ಹೋಗಿದ್ರೆ ನಮ್ಮ ಗತಿ ಏನಾಗ್ತಿತ್ತು ತಾಯಿ," ಎಂದು ಅತ್ತಳು. ಮುದುಕರು ಕೈ ಮುಗಿದರು. ಯಾರೋ ಅವಳ ಕೆಸರು ಕಾಲನ್ನು ಮುಟ್ಟಿದರು. ಬೇಡ, ಬೇಡ ಎಂದು ಅವಳು ಕಾಲು ಎಳೆದುಕೊಂಡಳು.

ಗಿಣಿ ಮಾತ್ರ ದೂರದಲ್ಲೇ ನಿಂತಿದ್ದಳು. ಏನೋ ಲೆಕ್ಕ ಹಾಕುವವಳಂತೆ ಹುಬ್ಬು ಗಂಟಿಕ್ಕಿದ್ದಳು.

"ಟೀಚರ್, ಅದು ಗುಂಡಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಇವತ್ತು ಅನ್ನಬಹುದಿತ್ತು. ಈಗ ತಾನೇ, ಓಡಿ ಬರುವ ಮೊದಲು ಅನ್ನಬಹುದಿತ್ತು. ಎಲ್ಲರೂ ಅದನ್ನೇ ನಂಬಿಕೊಂಡಿದ್ದರು, ಅಲ್ಲವೆನ್ನುವವರು ಆ ಸೇತುವೆಯ ಮೇಲೆ ಯಾರೂ ಇರಲಿಲ್ಲ.

"ಶುಕ್ರವಾರ," ಎಂದಳು.

"ಶನಿವಾರ ನೀವೇ ಸೀಟಿ ಊದಿ ನಮ್ಮನ್ನ ಅಲ್ಲಿಗೆ ಓಡಿಸಿದ್ರಿ."

"ಹೌದು."

ಹೊಲಿಗೆಯವಳ ಅಳು ನಿಂತಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನಿಸಿತು. ಮಳೆ ಹೊಯ್ಯುತ್ತಲೇ ಇತ್ತು. ಟೀಚರ್ ತಾನಾಗಿ ಟವೆಲನ್ನು ಹೆಗಲಿಂದ ತೆಗೆದಳು, ನೀಟಾಗಿ ಮಡಚಿ ಚಾಚಿದಳು. ಹೊಲಿಗೆಯವಳು ಅವಳ ಮುಖ ನೋಡದೆ ಅದನ್ನು ತೆಗೆದುಕೊಂಡಳು, ಮಗಳ ತಲೆ ಒರೆಸತೊಡಗಿದಳು.