ಹೊನ್ನವ್ವನ ಎಸರು

ಹೊನ್ನವ್ವ ಹಂಡೆಯ ನೀರಿಗೆ ತೋರುಬೆರಳು ಅದ್ದಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಕಾದೈತಿ, ಇಳಸ್ರಿ" ಎಂದಳು. ಇಬ್ಬರು ಹೆಂಗಸರು ಹಳೆ ಬಟ್ಟೆ ಹಿಡಿದು ಹಂಡೆ ಇಳಿಸಿದರು. ಶಾಲೆಯ ಜಗಲಿಯ ಮೇಲೆ ಚರಿಗೆ, ಬಾಟಲಿ, ಕೊಡ ಹಿಡಿದು ನಿಂತವರ ಸಾಲು ಮುಂದೆ ಸರಿಯಿತು.

ವರದಾ ಹೊಳೆ ಊರೊಳಗೆ ಬಂದು ಮೂರು ದಿನವಾಗಿತ್ತು. ಮಳೆ ನಿಂತು ಬಿಸಿಲೂ ಬಿದ್ದಿತ್ತು. ನೀರು ಮಾತ್ರ ಉಣ್ಣಲು ಬಂದ ಬೀಗರ ಹಾಗೆ ಹೊರಡುವ ಮಾತೇ ಎತ್ತಿರಲಿಲ್ಲ. ಹಾನಗಲ್ಲಿನ ದಾರಿ ಮುಳುಗಿದ್ದರಿಂದ ಟ್ಯಾಂಕರ್ ಬರುವಂತಿರಲಿಲ್ಲ. ಎತ್ತರದ ಶಾಲೆಯಲ್ಲಿ ಹತ್ತು ಮನೆಗಳ ಜನ ಇದ್ದರು. ಕುಡಿಯಲು ಇದ್ದದ್ದು ಶಾಲೆಯ ಕೆಳಗಿನ ಕೈಬೋರು ಒಂದೇ. ಅದರ ಕಟ್ಟೆಯೂ ಒಂದು ದಿನ ಹೊಳೆಯಲ್ಲಿ ಮುಳುಗಿ ಎದ್ದಿತ್ತು.

ನೀರಿನ ಉಸ್ತುವಾರಿಯನ್ನು ಹೊನ್ನವ್ವನಿಗೆ ಯಾರೂ ವಹಿಸಿರಲಿಲ್ಲ. ಅವಳೇ ವಹಿಸಿಕೊಂಡಿದ್ದಳು. ಅದಕ್ಕೆ ಕಾರಣ ಸೊಸೆ ಸುಜಾತಾ. ಸುಜಾತಾ ಊರಿನ ಆಶಾ ಕಾರ್ಯಕರ್ತೆ. ಮೊದಲ ದಿನ ಶಾಲೆಯ ಮೆಟ್ಟಿಲ ಮೇಲೆ ನಿಂತು, "ನೀರು ಕಾಸಿ ಕುಡೀರಿ! ಕಾಸದ ನೀರು ಒಂದು ಹನೀನೂ ಬಾಯಾಗ ಹಾಕಬ್ಯಾಡ್ರಿ!" ಎಂದು ಗಂಟಲು ಹರಿಯುವಂತೆ ಕೂಗಿ, ಹೆರಿಗೆ ಬೇನೆ ತಿನ್ನುತ್ತಿದ್ದ ಒಬ್ಬ ಬಸುರಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಅಕ್ಕಿಆಲೂರಿನ ಆಸ್ಪತ್ರೆಗೆ ಹೋಗಿದ್ದಳು. ಸವಣೂರು ಪೇಟೆಯಿಂದ ಬಂದ ಹುಡುಗಿಯ ಮಾತನ್ನು ಊರು ಅರ್ಧ ಕಿವಿಯಲ್ಲಿ ಕೇಳುತ್ತದೆ ಎಂಬುದು ಹೊನ್ನವ್ವನಿಗೆ ಗೊತ್ತಿತ್ತು. ನನ್ನ ಸೊಸೆಯ ಮಾತು ಹೇಗೆ ನಡೆಯುವುದಿಲ್ಲ ನೋಡೋಣ ಎಂದು ಸೆರಗು ಬಿಗಿದು ಒಲೆಯ ಮುಂದೆ ಕುಳಿತವಳು ಮೂರು ದಿನ ಎದ್ದಿರಲಿಲ್ಲ. ಕಟ್ಟಿಗೆ ಕಡಿಮೆ ಇತ್ತು. ಗೋವಿನಜೋಳದ ಒಣ ದಿಂಡುಗಳನ್ನು ಒಂದೊಂದಾಗಿ ಒಲೆಗಿಡುತ್ತಾ, ಕಾಸದ ನೀರು ಯಾರ ಚರಿಗೆಗೂ ಹೋಗದಂತೆ ಕಾದಿದ್ದಳು.

ಉಣ್ಣಲು ಕೊಟ್ಟವಳೂ ಅವಳೇ. ಹಾನಗಲ್ಲಿನ ಖಾನಾವಳಿಗೆ ಕೊಡಲೆಂದು ಬಡಿದಿಟ್ಟ ಮುನ್ನೂರು ಖಡಕ್ ರೊಟ್ಟಿ ಅವಳ ಮನೆಯಲ್ಲಿದ್ದವು. ನೀರು ಹೊಸ್ತಿಲಿಗೆ ಬಂದಾಗ ಸೀರೆಯ ಟ್ರಂಕು ಬಿಟ್ಟು, ರೊಟ್ಟಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ತಗ್ಗಿನ ಓಣಿಯ ಎದೆಮಟ್ಟದ ನೀರಿನಲ್ಲಿ ನಡೆದು ಬಂದಿದ್ದಳು. ಒಂದು ರೊಟ್ಟಿಯ ಅಂಚೂ ತೊಯ್ದಿರಲಿಲ್ಲ. ಮಗ ಲೋಹಿತ ಎಮ್ಮೆಗಳನ್ನು ಹೊಡೆದುಕೊಂಡು ಗುಡ್ಡಕ್ಕೆ ಹೋಗುವಾಗ, "ಅವ್ವಾ, ಸೀರಿ ಬಿಟ್ಟು ರೊಟ್ಟಿ ತಂದ ಹೆಂಗಸು ಈ ತಾಲೂಕಿನಾಗ ನೀ ಒಬ್ಬಾಕಿನ" ಎಂದು ನಕ್ಕಿದ್ದ. ಮೂರು ದಿನ ಶಾಲೆಯೆಲ್ಲ ಶೇಂಗಾ ಚಟ್ನಿ ಹಚ್ಚಿಕೊಂಡು ಅದೇ ರೊಟ್ಟಿ ಮುರಿದು ತಿಂದಿತ್ತು.

ಆ ಮಧ್ಯಾಹ್ನ ಸುಜಾತಾ ಆಸ್ಪತ್ರೆಯಿಂದ ಮರಳಿ ದೋಣಿಯಿಂದಿಳಿದಾಗ ಶಾಲೆಯಲ್ಲಿ ಏಳು ಮಂದಿಗೆ ವಾಂತಿ ಭೇದಿ ಹತ್ತಿತ್ತು. ಪಂಚಾಯ್ತಿ ಮೆಂಬರ ದ್ಯಾಮಪ್ಪ ಚರಿಗೆ ಹಿಡಿದು ಶಾಲೆಯ ಹಿಂದಕ್ಕೆ ಹೋಗುವುದೂ ಬರುವುದೂ ಬೆಳಗಿನಿಂದ ನಡೆದೇ ಇತ್ತು. ಆದರೆ ನಗುವ ವಿಷಯವಾಗಿರಲಿಲ್ಲ. ನೀಲಾಂಬಿಕಾಳ ಹತ್ತು ತಿಂಗಳ ಮಗಳು ತಾಯಿಯ ತೊಡೆಯ ಮೇಲೆ ಸುಸ್ತಾಗಿ ಮಲಗಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ.

ಸುಜಾತಾ ಆಸ್ಪತ್ರೆಗೆ ಫೋನು ಹಚ್ಚಿದರೆ ಡಾಕ್ಟರು ಮೊದಲು ಕೇಳಿದ್ದೇ, ಎಲ್ಲರೂ ಏನು ಕುಡಿದರು, ಏನು ತಿಂದರು ಎಂದು. ನೀರಂತೂ ಕಾಸಿದ್ದು. ಉಳಿದದ್ದು ರೊಟ್ಟಿ. ಹಳೆಯ ಆಹಾರವೆಲ್ಲ ಚೆಲ್ಲಿಸು, ಮಗುವಿಗೆ ಓಆರ್‌ಎಸ್ ಶುರುಮಾಡು, ನಾನು ಆಂಬ್ಯುಲೆನ್ಸನ್ನು ನೀರಿನ ಆಚೆ ದಂಡೆಗೆ ಕಳಿಸುತ್ತೇನೆ ಎಂದರು ಡಾಕ್ಟರು.

ಸುಜಾತಾ ಫೋನಿಡುವ ಮೊದಲೇ ದ್ಯಾಮಪ್ಪ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತ. "ನಾ ಮುಂಜಾನಿಯಿಂದ ಅದನ್ನ ಅನ್ನಾಕತ್ತೇನಿ. ವಾರದ ಹಿಂದಿನ ರೊಟ್ಟಿ, ಅದೂ ಈ ಥಂಡಿಯಾಗ. ಹೊಳಿಗೆ ಸುರುವ್ರಿ ಅತ್ಲಾಗ."

ಹೊನ್ನವ್ವ ಒಲೆ ಬಿಟ್ಟು ಬಂದು ಬುಟ್ಟಿಯ ಮುಂದೆ ನಿಂತಳು. "ಮೂವತ್ತು ವರ್ಷ ಆತು ದ್ಯಾಮಪ್ಪ, ನಾ ರೊಟ್ಟಿ ಬಡ್ಯಾಕ ಹತ್ತಿ. ಒಬ್ಬರ ಹೊಟ್ಟಿ ಕೆಟ್ಟದ್ದು ಹೇಳು. ನನ್ನ ರೊಟ್ಟಿ ತಿಂಗಳಿಟ್ಟರೂ ಬೂಸ್ಟ ಹಿಡಿಯೂದಿಲ್ಲ."

"ಡಾಕ್ಟರ ಹೇಳ್ಯಾರ. ನಿನ್ನ ಸೊಸೀನ್ನ ಕೇಳು."

ಹೊನ್ನವ್ವ ಸೊಸೆಯ ಮುಖ ನೋಡಿದಳು. ಸುಜಾತಾ ತಲೆ ತಗ್ಗಿಸಿ, "ಅತ್ತೀ, ಹಂಗಂತ ಹೇಳ್ಯಾರ್ರಿ. ಏನ ಮಾಡ್ಲಿ ನಾ?" ಎಂದಳು. ರೊಟ್ಟಿ ಹೋಗುವುದು ಒಂದು. ಹೊನ್ನವ್ವನ ರೊಟ್ಟಿ ತಿಂದು ಊರು ಮಲಗಿತು ಎಂಬ ಮಾತು ಹಾನಗಲ್ಲಿನ ಖಾನಾವಳಿಯವರೆಗೂ ಹೋಗುತ್ತದೆ, ಅದು ಇನ್ನೊಂದು. ಎಲ್ಲಕ್ಕಿಂತ ಮಿಗಿಲಾಗಿ, ಆ ಮಗು ತನ್ನಿಂದಲೇ ಹೀಗಾಯಿತೇ ಎಂಬ ದಿಗಿಲು. ಹೊನ್ನವ್ವನ ಕಣ್ಣು ತುಂಬಿ ಬಂತು.

"ಕೂಸಿಗೆ ಮೊದಲ ಔಷಧದ ನೀರು ಕುಡಸೋಣ್ರಿ. ರೊಟ್ಟಿ ಮಾತು ಆಮ್ಯಾಲೆ" ಎಂದು ಸುಜಾತಾ ಓಆರ್‌ಎಸ್ ಪುಡಿಯ ಪೊಟ್ಟಣ ಒಡೆದಳು. "ಅತ್ತೀ, ಕಾಸಿದ ನೀರು ತರ್ರಿ."

ಹೊನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿ ಒಂದು ಚರಿಗೆ ತಂದಳು. "ಈಗರ ಇಳಿಸೇವಿ. ತಾಜಾ ಐತಿ."

ಸುಜಾತಾ ಚರಿಗೆಯನ್ನು ಹಿಡಿದಳು. ಆಗಲೇ ಒಲೆಯಿಂದ ಇಳಿದ ನೀರು ಕೈ ಸುಡಬೇಕಿತ್ತು. ಆದರೆ ಅದು ಮಗುವಿನ ಮೈಗೆ ಹೊಯ್ಯುವಷ್ಟು ಹದವಾಗಿ ಬೆಚ್ಚಗಿತ್ತು. "ಇಷ್ಟು ಲಗೂನ ಹೆಂಗ ಆರಿತ್ರಿ ಅತ್ತೀ?"

"ಆರಸೂದ್ಯಾಕ? ಬೆರಳದ್ದಿ ನೋಡೇನಿ. ಹದಾ ಆದ ಕೂಡ್ಲೆ ಇಳಿಸೇನಿ. ನಾಕು ದಿಂಡಿನಾಗ ಒಂದು ಹಂಡೆ ಕಾಸೇನಿ ನೋಡು" ಎಂದ ಹೊನ್ನವ್ವನಿಗೆ ಅಷ್ಟು ದುಃಖದಲ್ಲೂ ಸ್ವಲ್ಪ ಹೆಮ್ಮೆ ಬಂತು.

ಸುಜಾತಾ ಚರಿಗೆಯನ್ನು ಕೆಳಗಿಟ್ಟಳು. ಆಮೇಲೆ ನೀಲಾಂಬಿಕಾಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅಕ್ಕಾ, ಕೂಸು ರೊಟ್ಟಿ ತಿಂದಿತ್ತೇನ್ರಿ?"

"ಎಲ್ಲಿ ರೊಟ್ಟಿ ತಾಯಿ? ಖಡಕ್ ರೊಟ್ಟಿ ತಿನ್ನಾಕ ಅದರ ಹಲ್ಲರ ಎಲ್ಲಿ ಅದಾವ? ಹಾಲಿನ ಪುಡಿ ಈ ಹಂಡೆ ನೀರಾಗ ಕಲಿಸಿ ಕುಡಿಸೇನಿ, ಅಷ್ಟ."

ವಿಷಯ ಅಲ್ಲಿಗೆ ತಿಳಿಯಾಗಿತ್ತು. ಜಗಲಿಯ ಮೇಲಿನ ಜನವೆಲ್ಲ ಸುಜಾತಾಳನ್ನೇ ನೋಡುತ್ತಿದ್ದರು. ರೊಟ್ಟಿಯನ್ನು ಉಳಿಸಬೇಕಾದರೆ ಅತ್ತೆಯ ಬೆರಳಿನ ಮಾತು ಹೇಳಬೇಕು. ಮೂರು ದಿನ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಕುಳಿತ ಆ ಮುದುಕಿಯನ್ನು ನಾಲ್ಕು ಜನರ ಮುಂದೆ ನಿಲ್ಲಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ರೊಟ್ಟಿದೇನೂ ತಪ್ಪಿಲ್ರಿ" ಎಂದಳು. "ನೀರಿಂದು. ತಪ್ಪು ನಂದು. ಕಾಸ್ರಿ ಅಂತ ಹೇಳಿ ಹ್ವಾದೆ. ಹಾಲು ಕಾಸೂದಂದ್ರ ಉಕ್ಕಿ ಬರೂತನ. ನಾನೂ ಹಂಗಂತನ ತಿಳಕೊಂಡಿದ್ದೆ. ಆದ್ರ ಈ ಊರಾಗ ನೀರು ಕಾಸೂದಂದ್ರ ಜಳಕಕ್ಕ. ನನಗ ಹೇಳಾಕ ಬರಲಿಲ್ಲ."

ಹೊನ್ನವ್ವ ಖಾಲಿ ಒಲೆಯ ಕಲ್ಲುಗಳನ್ನು ನೋಡಿದಳು, ಹಂಡೆಯನ್ನು ನೋಡಿದಳು, ಕೊನೆಗೆ ತನ್ನ ಬೆರಳನ್ನು ನೋಡಿಕೊಂಡಳು. ಮಸಿ ಹಿಡಿದ ಆ ತೋರುಬೆರಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು.

"ಆಕಿದಲ್ಲ ತಪ್ಪು. ಇದರದು" ಎಂದಳು. "ಮೂರು ದಿನ ಇದನ್ನ ಅದ್ದಿ ಅದ್ದಿ ಊರಿಗೆ ಜಳಕದ ನೀರು ಕುಡಿಸೇನಿ. ಕೂಸಿಗೂ ಕುಡಿಸೇನಿ." ಆಮೇಲೆ ಸೊಸೆಯ ಕಡೆ ತಿರುಗಿ, ಸಿಟ್ಟೋ ಪ್ರೀತಿಯೋ ತಿಳಿಯದ ಹಾಗೆ ಗದರಿದಳು: "ಎಸರು ಅನಬೇಕಿಲ್ಲೇನ, ಹುಚ್ಚಿ! ಎಸರಿನಂಗ ಕೊತಕೊತ ಮಳ್ಳಿಸಿ ಕುಡೀರಿ ಅಂದಿದ್ರ ಯಾವ ಹೆಂಗಸಿಗೆ ತಿಳೀತಿದ್ದಿಲ್ಲ? ಎಸರು ಮಳ್ಳದಿದ್ರ ಹಿಟ್ಟಿಗೆ ಜಿಗಿ ಬರೂದಿಲ್ಲ, ರೊಟ್ಟಿ ಬಿರೀತಾವ. ಎಸರಿನಾಗ ಯಾರರ ಬೆರಳು ಅದ್ದತಾರೇನ?"

"ನನಗೆಲ್ಲಿ ರೊಟ್ಟಿ ಬರ್ತಾವ್ರಿ ಅತ್ತೀ" ಎಂದಳು ಸುಜಾತಾ. ಮೊದಲು ನಕ್ಕವಳು ನೀಲಾಂಬಿಕಾ. ಸೊಸೆ ಬಡಿದ ರೊಟ್ಟಿ ಹಾನಗಲ್ ತಾಲೂಕಿನ ನಕ್ಷೆಯ ಹಾಗಿರುತ್ತವೆ ಎಂದು ಹೊನ್ನವ್ವ ಊರೆಲ್ಲ ಹೇಳಿಕೊಂಡು ತಿರುಗಿದ್ದು ಎಲ್ಲರಿಗೂ ಗೊತ್ತಿತ್ತು.

ಹಂಡೆಯ ನೀರು ಚೆಲ್ಲಿದರು. ತುಂಬಿಟ್ಟುಕೊಂಡ ಬಾಟಲಿ, ಕೊಡಗಳನ್ನೂ ಬರಿದು ಮಾಡಿಸಿದರು. ಸುಜಾತಾ ಸಣ್ಣ ಪಾತ್ರೆಯಲ್ಲಿ ನೀರು ಕುದಿಸಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಓಆರ್‌ಎಸ್ ಕಲಿಸಿ ಚಮಚ ಚಮಚವಾಗಿ ಮಗುವಿಗೆ ಕುಡಿಸಿದಳು. ದೋಣಿ ಹೊರಡುವ ಹೊತ್ತಿಗೆ ಮಗು ಕಣ್ಣು ಬಿಟ್ಟು ಚಮಚಕ್ಕೆ ಕೈ ಹಾಕಿತು, ಕೊಡದಿದ್ದಾಗ ಗಟ್ಟಿಯಾಗಿ ಅತ್ತಿತು. ಆ ಅಳು ಕೇಳಿ ಹೊನ್ನವ್ವನ ಜೀವ ತಣ್ಣಗಾಯಿತು. ತಾಯಿಯನ್ನೂ ಮಗುವನ್ನೂ ಆಂಬ್ಯುಲೆನ್ಸಿಗೆ ಹತ್ತಿಸಿ ದೋಣಿಯವನು ಮರಳಿದಾಗ, "ಕೂಸು ದಾರಿ ಉದ್ದಕ್ಕೂ ಚಮಚಾ ಬಿಡಲಿಲ್ರಿ" ಎಂದ.

ರೊಟ್ಟಿಯ ಬುಟ್ಟಿ ಇದ್ದಲ್ಲೇ ಇತ್ತು. ಸಂಜೆ ದ್ಯಾಮಪ್ಪ ಅದರ ಹತ್ತಿರ ಸುಳಿದಾಡಿದ. ಹೊನ್ನವ್ವ ನೋಡಿಯೂ ನೋಡದವಳಂತೆ ಕುಳಿತಳು. ಕಡೆಗೆ ಅವನೇ, "ಯಕ್ಕಾ, ಅರ್ಧಾ ಕೊಡವಾ. ಬರೇ ಹೊಟ್ಟ್ಯಾಗ ಅದೇನಿ" ಎಂದ.

"ಇವತ್ತೊಂದಿನ ನಿನಗ ಗಂಜಿನ. ರೊಟ್ಟಿ ಎಲ್ಲೂ ಓಡಿ ಹೋಗೂದಿಲ್ಲ" ಎಂದಳು ಹೊನ್ನವ್ವ.

ಒಲೆ ಮತ್ತೆ ಉರಿಯುತ್ತಿತ್ತು. ದೋಣಿಯವನು ಮರಳುವಾಗ ಜೋಳದ ಹಿಟ್ಟು, ಒಂದು ಹೊರೆ ಕಟ್ಟಿಗೆ ತಂದಿದ್ದ. ಸುಜಾತಾ ಊದುಗೊಳವೆಯಿಂದ ಊದುತ್ತಿದ್ದಳು. ಹಂಡೆಯಿಂದ ಹಬೆ ಎದ್ದಿತು. ಹೊನ್ನವ್ವನ ಕೈ ರೂಢಿಯಿಂದ ತಾನಾಗಿ ನೀರಿನ ಕಡೆ ಹೋಯಿತು. ಸುಜಾತಾ ಊದುವುದನ್ನು ನಿಲ್ಲಿಸಿ ನೋಡಿದಳು. ಕೈ ಅರ್ಧ ದಾರಿಯಲ್ಲೇ ತಿರುಗಿ ಸೆರಗಿನೊಳಗೆ ಸೇರಿಕೊಂಡಿತು.

"ಕಾದೈತೇನ್ರಿ ಅತ್ತೀ?"

"ಕಾದು ಬಾಳೊತ್ತಾತು. ಮಳ್ಳಲಿ, ತಡಿ."

ಇಬ್ಬರೂ ಕಾದರು. ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು. ಆಮೇಲೆ ಹಂಡೆಯ ನೀರೆಲ್ಲ ಕೊತಕೊತನೆ ತಿರುವಿಕೊಂಡು ಮೇಲೆದ್ದಿತು. ಹೊನ್ನವ್ವ ಇನ್ನೊಂದು ದಿಂಡು ಒಲೆಗಿಟ್ಟು, ಇನ್ನೂ ಸ್ವಲ್ಪ ಹೊತ್ತು ಕುದಿಯಲು ಬಿಟ್ಟಳು. ಉದ್ದ ಹಿಡಿಕೆಯ ಸೌಟಿನಿಂದ ಎಸರು ಮೊಗೆದು ಒಂದಿಷ್ಟು ಪರಾತದ ಹಿಟ್ಟಿಗೆ ಸುರಿದಳು. ಉಳಿದದ್ದನ್ನು ಕುಡಿಯಲಿಕ್ಕೆಂದು ತೊಳೆದಿಟ್ಟ ಕೊಡಕ್ಕೆ ತುಂಬಿ, ಆರುವ ತನಕ ಯಾರೂ ಮುಟ್ಟದ ಹಾಗೆ ಮೇಲೊಂದು ತಾಟು ಮುಚ್ಚಿದಳು.

ಹಿಟ್ಟಿನ ಪರಾತವನ್ನು ಸೊಸೆಯ ಮುಂದೆ ಸರಿಸಿದಳು. "ಕೈ ತೊಳಕೊಂಡು ನಾದು."