ತೊಂಬತ್ತೇಳು ಡಿಗ್ರಿ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಇರಲಿ ಬಿಡಿ. ನಾಲ್ಕನೇ ತರಗತಿಗೆ ವಿಜ್ಞಾನ ಕಲಿಸುವವಳಿಗೆ ಅದೂ ಬೇಕು.

ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ನನ್ನ ಮೂವತ್ತೊಂದು ಮಕ್ಕಳೂ ತೊಂಬತ್ತೇಳು ಎಂದು ಬರೆದರು. ಪುಸ್ತಕದಲ್ಲಿರುವುದು ನೂರು. ಎಲ್ಲರದೂ ಒಂದೇ ತಪ್ಪು ಎಂದಮೇಲೆ ಇದು ಸಾಮೂಹಿಕ ನಕಲು, ಟೀಚರೇ ಹೇಳಿಕೊಟ್ಟಿದ್ದಾಳೆ ಎಂದು ಮೇಲಿನಿಂದ ಕಾಗದ ಬಂತು. ಅದರ ಬೆನ್ನಿಗೇ ತಪಾಸಣೆಯ ಸಾಹೇಬರೂ ಬಂದರು.

“ಮರುಪರೀಕ್ಷೆ ಇಡ್ತೀವಿ. ನೂರು ಅಂತ ಬರೆಸಿಬಿಡಿ, ವಿಷಯ ಇಲ್ಲಿಗೇ ಮುಗಿಯುತ್ತೆ. ಇಲ್ಲಾಂದ್ರೆ ಈ ಕ್ಲಾಸು ನಿಮ್ಮ ಕೈತಪ್ಪಿ ಹೋಗುತ್ತೆ, ನೋಡಿ.”

ಅವರ ಹಿಂದೆ ನಿಂತಿದ್ದ ಹೆಡ್‌ಮಿಸ್, ಹೂಂ ಅಂದುಬಿಡು ತಾಯಿ ಎಂದು ಕಣ್ಣಲ್ಲೇ ಬೇಡಿಕೊಂಡರು.

ಹನ್ನೊಂದು ವರ್ಷ ‘ನೂರು’ ಎಂದು ಗಿಳಿಪಾಠ ಮಾಡಿಸಿದವಳು ನಾನೇ. ಈ ವರ್ಷ ಮೊದಲ ಸಲ ಹಟ ಹಿಡಿದು ಬೀರುವಿನ ಬೀಗ ತೆಗೆಸಿ, ತರಗತಿಯಲ್ಲೇ ನೀರು ಕುದಿಸಿ, ಥರ್ಮಾಮೀಟರನ್ನು ಮಕ್ಕಳ ಕೈಗೆ ಕೊಟ್ಟೆ. ಒಬ್ಬೊಬ್ಬರೇ ಬಂದು ನೋಡಿ, ಕಂಡ ಅಂಕಿ ಬರೆದು, ಅದರ ಮುಂದೆ ಸಹಿ ಹಾಕಬೇಕು. ಅದು ನಮ್ಮ ತರಗತಿಯ ಕಾನೂನು. ಅವತ್ತಿನ ಆ ಮುಖಗಳನ್ನು ನೋಡಿದ ಮೇಲೆ ಹಿಂದಿನ ಹನ್ನೊಂದು ವರ್ಷ ನೆನೆದು ನಾಚಿಕೆಯಾಯಿತು. ಈ ಮಕ್ಕಳನ್ನು ಬಿಟ್ಟುಕೊಡುವುದೆಂದರೆ ನನಗೆ ಜೀವ ಹೋದ ಹಾಗೆ.

“ಆಗಲ್ಲ ಸಾರ್,” ಎಂದು ಸ್ಟೌವ್ ಹಚ್ಚಿದೆ.

ನೀರು ಕೊತಕೊತ ಕುದಿಯಿತು. ಅದರಲ್ಲಿಟ್ಟ ಥರ್ಮಾಮೀಟರನ್ನು ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. “ನಿಮ್ಮ ಥರ್ಮಾಮೀಟರ್ ಕೆಟ್ಟಿದೆ,” ಎಂದರು.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಮಾತಿಗೊಂದು ಯಾಕೆ ಕೇಳುವ ಅವಳಿಗೆ ಶಾಲೆಯೆಲ್ಲ ಇಟ್ಟ ಹೆಸರು ಯಾಕಮ್ಮ.

“ನಾವೂ ಹಾಗೇ ಅಂದ್ಕೊಂಡ್ವಿ ಸಾರ್. ಕರಗೋ ಐಸಲ್ಲಿ ಇಟ್ಟು ನೋಡಿದ್ವಿ, ಸರಿಯಾಗಿ ಸೊನ್ನೆ ತೋರಿಸ್ತು. ನಮ್ಮೂರು ಎತ್ತರದಲ್ಲಿದೆಯಲ್ಲ, ಅದಕ್ಕೇ ಬೇಗ ಕುದಿಯುತ್ತೆ. ನಿಮಗೆಷ್ಟು ಕಾಣಿಸ್ತು?” ಎಂದು ನೋಟ್‌ಬುಕ್ ಮುಂದೆ ಹಿಡಿದಳು. ಮೂವತ್ತೊಂದು ಸಹಿಗಳ ಕೆಳಗೆ ಒಂದು ಗೆರೆ ಖಾಲಿಯಿತ್ತು.

ಸಾಹೇಬರು ಪೆನ್ನು ತೆಗೆದರು. ಏನನ್ನಿಸಿತೋ ಏನೋ, ಮತ್ತೆ ಜೇಬಿಗೆ ಸೇರಿಸಿ, ಸೋಮವಾರ ಪರೀಕ್ಷೆ ಎಂದು ಮುಖ ಗಂಟಿಕ್ಕಿಕೊಂಡು ಹೊರಟುಹೋದರು.

ಏನು ಬರೆಯಬೇಕೆಂದು ನಾನು ಮಕ್ಕಳಿಗೆ ಹೇಳಲಿಲ್ಲ. ಹೆಡ್‌ಮಿಸ್ ಹೇಳಿದರು, ಅಂಗಲಾಚಿ ಹೇಳಿದರು. “ನೂರು ಅಂತ ಬರೀರಪ್ಪ, ಇಲ್ಲಾಂದ್ರೆ ನಿಮ್ಮ ಮಿಸ್ ನಿಮಗಿಲ್ಲ.”

ವಾರ ಕಳೆಯುವಷ್ಟರಲ್ಲಿ ನನ್ನನ್ನು ಒಂದನೇ ತರಗತಿಗೆ ಹಾಕಿದ ಆದೇಶ ಬಂತು. ನನ್ನ ತಪ್ಪಿಗೆ ಸಾಕ್ಷಿ ಎಂದು ಯಾಕಮ್ಮನ ಉತ್ತರಪತ್ರಿಕೆಯ ಜೆರಾಕ್ಸ್ ಲಗತ್ತಿಸಿದ್ದರು. ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ‘ಪುಸ್ತಕದಲ್ಲಿ ನೂರು ಇದೆ. ನಾವು ನೋಡಿದ್ದು ತೊಂಬತ್ತೇಳು. ಸಾಹೇಬರೂ ನೋಡಿದರು, ಆದರೆ ಸಹಿ ಹಾಕಲಿಲ್ಲ.’

ಸ್ಟಾಫ್‌ರೂಮಿನಲ್ಲಿ ಎಲ್ಲರ ಮುಂದೆಯೇ ಅತ್ತುಬಿಟ್ಟೆ. ಆಮೇಲೆ ಆದೇಶವನ್ನು ಮಡಚಿ ಡ್ರಾಯರಿಗೆ ತುರುಕಿ, ಆ ಜೆರಾಕ್ಸನ್ನು ಒಂದನೇ ತರಗತಿಯ ಗೋಡೆಗೆ ಅಂಟಿಸಿದೆ. ಅಲ್ಲಿನ ಮಕ್ಕಳಿಗೆ ಇನ್ನೂ ಅಕ್ಷರ ಕೂಡಿಸಿ ಓದಲು ಬರುವುದಿಲ್ಲ. ಕಲಿಸುತ್ತಿದ್ದೇನೆ.