ಮೂಸುವ ಬೆಂಚು

"ಮೂಗು ಬಗ್ಗಿಸೇ, ಹಾಳು ಮುಂಡೆ. ತಟ್ಟೆ ಆರ್ತಾ ಇದೆ. ನಿಮ್ಮಪ್ಪ ಬಂದು ಬಿಸಿ ಮಾಡ್ತಾನಾ?"

ಮೇಸ್ತ್ರಿ ಚಿಕ್ಕವಳ ಕತ್ತಿನ ಹಿಂದೆ ಕೈಹಾಕಿ ತಟ್ಟೆಯ ಕಡೆಗೆ ಅದುಮಿದ. ಬೆಣ್ಣೆಯಲ್ಲಿ ಹುರಿದ ಮಾಂಸದ ಹಬೆ ಅವಳ ಮುಖಕ್ಕೆ ರಾಚಿತು. ಅವಳು ಉದ್ದಕ್ಕೆ ಉಸಿರೆಳೆದಳು. ಬಾಯಲ್ಲಿ ನೀರೂರಲಿಲ್ಲ, ಗಂಟಲು ಆಡಲಿಲ್ಲ. ಅವಳ ಮಡಿಲಲ್ಲಿ ಐದು ತಿಂಗಳ ಹೆಣ್ಣುಕೂಸು ಕಣ್ಣು ಬಿಟ್ಟುಕೊಂಡು, ಮಸಿ ಹಿಡಿದ ಚಾವಣಿ ನೋಡುತ್ತಾ ಸುಮ್ಮನೆ ಮಲಗಿತ್ತು.

ಬೆಂಚಿನ ತುದಿಯಲ್ಲಿ ನೀಲಿ ಕೋಟು ತೊಟ್ಟು ನಿಂತಿದ್ದ ದೊಡ್ಡವಳು ಇದನ್ನೆಲ್ಲ ನೋಡಿದಳು. ಚಿಕ್ಕವಳು ಅವಳ ಒಡಹುಟ್ಟಿದ ತಂಗಿ. ಪರಗಂಡಸೊಬ್ಬ ತಂಗಿಯ ಕತ್ತು ಹಿಡಿದಾಗ ಅಕ್ಕನಾದವಳು ಏನು ಮಾಡಬೇಕಿತ್ತೋ ಅದನ್ನು ಅವಳು ಮಾಡಲಿಲ್ಲ. ಕೋಟಿನ ಗುಂಡಿ ಸರಿಮಾಡಿಕೊಂಡಳು.

ಆ ಮನೆಯ ಕೆಲಸ ಎಂಥದ್ದೆಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಮೇಲಿನ ಮಹಡಿಯಲ್ಲಿ ಒಂದು ಔತಣ ನಡೆಯುತ್ತಿದೆ. ಅದು ಯಾವಾಗ ಶುರುವಾಯಿತೋ ಕೆಳಗಿನವರಿಗೆ ಗೊತ್ತಿಲ್ಲ, ಮೇಲಿನವರಿಗೂ ನೆನಪಿರಲಾರದು. ಮುಗಿಯುವ ಮಾತಂತೂ ಇಲ್ಲವೇ ಇಲ್ಲ. ಅಲ್ಲಿಯ ಮೇಣದಬತ್ತಿ ಕರಗುವುದಿಲ್ಲ, ಹೂ ಬಾಡುವುದಿಲ್ಲ, ಪಿಟೀಲಿನವರ ಕೈ ಸೋಲುವುದಿಲ್ಲ. ಆದರೆ ಹೊಟ್ಟೆ ಅನ್ನುವುದು ಇದೆಯಲ್ಲ, ಅದು ಎಂಥ ದೊಡ್ಡ ಮನುಷ್ಯರದ್ದಾದರೂ ಒಂದು ಹೊತ್ತಿಗೆ ತುಂಬಿಬಿಡುತ್ತದೆ. ತುಂಬಿದ ಮೇಲೆ ಔತಣ ಎಲ್ಲಿಂದ ಬಂತು? ಅದಕ್ಕೇ ಕೆಳಗೆ, ಅಡುಗೆಮನೆಯಿಂದ ಮೆಟ್ಟಿಲಿಗೆ ಹೋಗುವ ದಾರಿಯಲ್ಲಿ ಈ ಬೆಂಚು. ಅದರ ಮೇಲೆ ಎಂಟು ಮಂದಿ ಹಸಿದವರು. ಮೇಲೆ ಹೋಗುವ ಪ್ರತಿಯೊಂದು ತಟ್ಟೆಯೂ ಇವರ ಮೂಗಿನ ಕೆಳಗೆ ಹಾದು ಹೋಗಬೇಕು. ಇವರು ಮೂಸಬೇಕು, ಬಾಯಲ್ಲಿ ನೀರೂರಿಸಬೇಕು, ಅಷ್ಟೇ ಕೆಲಸ, ಅದಕ್ಕೇ ಕೂಲಿ. ಮೂಸಿದವರ ಹಸಿವು ತಟ್ಟೆಯ ಜೊತೆಗೇ ಮೆಟ್ಟಿಲು ಹತ್ತಿ ಹೋಗುತ್ತದೆ, ಮೇಲಿನವರು ಆ ಹಸಿವಿನಲ್ಲಿ ಮತ್ತೆ ಮೊದಲಿನಿಂದ ಉಣ್ಣುತ್ತಾರೆ. ಅವರಿಗೆ ಬೇಡವಾದ ಹೊಟ್ಟೆಭಾರ ಕೆಳಗಿಳಿದು ಇವರೊಳಗೆ ಕೂರುತ್ತದೆ. ತುತ್ತು ಮುಟ್ಟದೆಯೂ ಇವರಿಗೆ ತೇಗು ಬರುತ್ತದೆ.

ದೊಡ್ಡವಳು ಮೊದಲು ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಅಂಗಡಿ ಮುಚ್ಚಿತು. ಮೂರು ವಾರ ಗಂಜಿ ತಿಳಿಯಲ್ಲೇ ಕಳೆದ ಮೇಲೆ ಈ ಮನೆಯ ಗೇಟಿನಲ್ಲಿ 'ಹಸಿದವರು ಬೇಕಾಗಿದ್ದಾರೆ' ಎಂಬ ಬೋರ್ಡು ಕಣ್ಣಿಗೆ ಬಿತ್ತು. ಯಾರದೋ ಕುಚೋದ್ಯ ಅಂದುಕೊಂಡೇ ಸಾಲಿನಲ್ಲಿ ನಿಂತಳು. ಮೇಸ್ತ್ರಿ ಒಬ್ಬೊಬ್ಬರನ್ನೂ ಗೋಡೆಗೆ ನಿಲ್ಲಿಸಿ, ಮೊಣಕಾಲೂರಿ, ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದ, ಮೆಕ್ಯಾನಿಕ್ ಇಂಜಿನಿಗೆ ಕಿವಿಗೊಟ್ಟ ಹಾಗೆ. ಅವನ ಎಣ್ಣೆಗೂದಲು ಅವಳ ಬರಿಹೊಟ್ಟೆಗೆ ತಾಗಿತು. ಅದೇ ಹೊತ್ತಿಗೆ ಹಾಳಾದ ಹೊಟ್ಟೆ ಗುರ್ರೆಂದು ಕೂಗಿತು. ಹಿಂದಿದ್ದ ಗಂಡಸರು ಕಿಸಕ್ಕನೆ ನಕ್ಕರು. ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವಳಿಗೆ.

"ಒಳ್ಳೆ ಮಾಲು," ಅಂದ ಮೇಸ್ತ್ರಿ, ಕಿವಿ ಒರೆಸಿಕೊಳ್ಳುತ್ತಾ. "ಒಳಗೆ ನಡಿ."

ಮೊದಮೊದಲು ಎಲ್ಲರಿಗೂ ಅದೊಂದು ವರದಂತೆಯೇ ಕಂಡಿತು. ಬೆಂಚಿನ ಮೇಲೆ ಅವಳ ಪಕ್ಕ ಕೂರುತ್ತಿದ್ದ ಗಾರೆ ತಾತ, ಹಿಂದೆ ಗೋಡೆ ಕಟ್ಟುತ್ತಿದ್ದವನು, ದಿನಾ ಅದನ್ನೇ ಹೇಳುತ್ತಿದ್ದ.

"ಎಪ್ಪತ್ತು ವರ್ಷ ಈ ಹೊಟ್ಟೆ ನನ್ನ ನಾಯಿ ಥರ ಓಡಾಡಿಸ್ತು ಕಣಮ್ಮ. ಈಗ ನೋಡು, ಮಲ್ಕೊಂಡಿದೆ. ಒಲೆ ಹಚ್ಚೋ ಕಾಟಾನೂ ಇಲ್ಲ."

ಹೀಗೆ ಹೇಳುತ್ತಲೇ ಅವನು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುತ್ತಿದ್ದ. ನಾಲ್ಕು ತಿಂಗಳಲ್ಲಿ ಆರು ತೂತಾಗಿತ್ತು. ಅವನಿಗೂ ಅದು ಕಾಣುತ್ತಿತ್ತು, ಉಳಿದವರಿಗೂ ಕಾಣುತ್ತಿತ್ತು.

ಐದನೆಯ ತಿಂಗಳಲ್ಲಿ ದೊಡ್ಡವಳ ಹಸಿವು ತಳ ಕಂಡಿತು. ಮೇಸ್ತ್ರಿ ಕಿವಿಯಿಟ್ಟು ಕೇಳಿ ತಲೆಯಾಡಿಸಿದ. "ನಿಂದು ಬತ್ತೋಯ್ತು ಕಣೆ. ನಾಳೆಯಿಂದ ಬರಬೇಡ. ಇಲ್ಲಾ, ಬೇರೆ ಯಾರನ್ನಾದ್ರೂ ಕರ್ಕೊಂಡ್ ಬಾ. ಒಳ್ಳೆ ಹಸಿವು ತಂದ್ರೆ ನಿಂಗೆ ಕೋಟು ಕೊಡಿಸ್ತೀನಿ, ಬೆಂಚು ನೋಡ್ಕೊಂಡಿರು."

ಆಗ ಅವಳು ಒಂದು ಮಾತಾಡಿದಳು. ಯಾರೂ ಅವಳ ನಾಲಿಗೆ ಹಿಡಿದು ಎಳೆದಿರಲಿಲ್ಲ. ಯೋಚನೆ ಮಾಡಲಿಕ್ಕೆ ಒಂದು ರಾತ್ರಿ ಬೇಕು ಎಂದೂ ಕೇಳಲಿಲ್ಲ.

"ನನ್ನ ತಂಗಿ ಇದಾಳೆ. ಹಸಿ ಬಾಣಂತಿ. ಹಾಲೂಡಿಸೋರ ಹಸಿವು ನಿಮಗೆ ಗೊತ್ತಲ್ಲ, ಹತ್ತು ಜನರ ಹಸಿವು ಒಬ್ಬಳಿಗೇ ಇರತ್ತೆ."

ಹತ್ತು ಜನರ ಹಸಿವು ಎಂದು ಅವಳೇ ಅಂದದ್ದು, ಸಂತೆಯಲ್ಲಿ ಎಮ್ಮೆಯ ಕೆಚ್ಚಲು ತೋರಿಸಿದ ಹಾಗೆ. ಆ ಮಾತು ನೆನಪಾದಾಗಲೆಲ್ಲ ಅವಳಿಗೆ ಕಿವಿ ಬಿಸಿಯಾಗುತ್ತಿತ್ತು. ತಂಗಿಯೋ, ಎಲ್ಲಿಗೆ, ಏನು ಎಂದು ಒಂದು ಮಾತು ಕೇಳದೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಹಿಂದೆಯೇ ಬಂದಳು. ಅಮ್ಮ ಹೋದಾಗಿನಿಂದ ಅವಳು ಅಕ್ಕನ ಸೆರಗು ಬಿಟ್ಟು ನಡೆದವಳೇ ಅಲ್ಲ.

ಕೋಟು ಬಂತು. ಕೋಟಿದ್ದವರು ಮೆಟ್ಟಿಲ ಮೇಲಿನ ಬಾಗಿಲವರೆಗೆ ಹೋಗಬಹುದಿತ್ತು. ಒಂದು ದಿನ ಅವಳು ಆ ಬಾಗಿಲ ಸಂದಿಯಲ್ಲಿ ಇಣುಕಿದಳು. ಗಾಜಿನ ದೀಪಗಳು, ಕನ್ನಡಿಯಂಥ ನೆಲ, ರೇಷ್ಮೆ, ಮುತ್ತು, ಎಲ್ಲಿ ನೋಡಿದರೂ ಝಗಮಗ. ಕಿಟಕಿಗಳಿಗೆಲ್ಲ ದಪ್ಪ ಪರದೆ. ಹೊರಗೆ ಹಗಲೋ ಇರುಳೋ ಅಲ್ಲಿ ತಿಳಿಯುತ್ತಿರಲಿಲ್ಲ. ಎಲ್ಲರೂ ಅಗಿಯುತ್ತಿದ್ದರು. ಕುಣಿಯುವವರೂ ಅಗಿಯುತ್ತಲೇ ಕುಣಿಯುತ್ತಿದ್ದರು. ಬಾಗಿಲ ಹತ್ತಿರ ಕೂತಿದ್ದ ಹೆಂಗಸೊಬ್ಬಳ ತುಟಿಯ ಕೊನೆಗಳು ಸೀಳಿ ರಕ್ತ ಒಸರುತ್ತಿತ್ತು. ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಕೈ ಮಾತ್ರ ಚಮಚ ಬಿಡಲಿಲ್ಲ.

ಆ ಹೆಂಗಸು ದೊಡ್ಡವಳನ್ನು ಕಂಡು ತುಂಬಿದ ಬಾಯಲ್ಲೇ ಕೇಳಿದಳು, "ಏನಮ್ಮಾ, ಇವತ್ತು ಯಾವ ವಾರ?"

ದೊಡ್ಡವಳು ಕನಿಕರಪಡಲಿಲ್ಲ, ಹೆದರಲೂ ಇಲ್ಲ. ಅಂಥ ದೊಡ್ಡವರ ಮನೆಯ ಹೆಣ್ಣುಮಗಳು ತನ್ನನ್ನು 'ಏನಮ್ಮಾ' ಎಂದಳಲ್ಲ ಎಂದು ಹಿಗ್ಗುತ್ತಾ ಇಳಿದು ಬಂದಳು. ಅದನ್ನು ಬೆಂಚಿನವರಿಗೆಲ್ಲ ಎರಡೆರಡು ಸಲ ಹೇಳಿದಳು.

ಮೊನ್ನೆ ಬೆಳಿಗ್ಗೆ ಮನೆಯೊಡತಿಯೇ ಕೆಳಗಿಳಿದು ಬಂದಳು. ಮೂಗಿಗೆ ಕರವಸ್ತ್ರ, ಬಾಯಲ್ಲಿ ಸಕ್ಕರೆ. "ಏನ್ರಪ್ಪಾ, ಎಲ್ಲಾ ಚೆನ್ನಾಗಿದೀರಾ? ನೀವೆಲ್ಲ ನಮ್ಮ ಮನೆ ಮಕ್ಕಳಿದ್ದ ಹಾಗೆ," ಅಂದಳು. ಎಂಟು ಮಂದಿಯೂ ಎದ್ದು ಕೈಮುಗಿದರು. ಅವಳ ಕಣ್ಣು ಚಿಕ್ಕವಳ ಮಡಿಲಲ್ಲಿ ನಿಂತಿತು. ಅಲ್ಲಿ ಕೂಸು ಹಾಲಿಗಾಗಿ ಮುಷ್ಟಿ ಬಿಗಿಹಿಡಿದು ಚೀರುತ್ತಿತ್ತು. ಚಿಕ್ಕವಳ ಎದೆ ಅಷ್ಟು ಹೊತ್ತಿಗಾಗಲೇ ಒಣಗುತ್ತಾ ಬಂದಿತ್ತು.

"ಅಬ್ಬಾ, ಏನು ಹಸಿವು ಈ ಪುಟ್ಟಿಗೆ," ಅಂದಳು ಮನೆಯೊಡತಿ. "ನಮ್ಮೋರು ಪಾಪ ತಿಂದೂ ತಿಂದೂ ರುಚಿಯೇ ಸತ್ತೋಗಿದೆ ಅಂತಾರೆ. ಇವಳಿಗೂ ಒಂಚೂರು ತೋರಿಸ್ರಪ್ಪ."

ಚಿಕ್ಕವಳು ಕೂಸನ್ನು ಅವಚಿಕೊಂಡಳು. ಮೇಸ್ತ್ರಿ ಅವಳ ಕಡೆ ತಿರುಗಲೂ ಇಲ್ಲ. ದೊಡ್ಡವಳನ್ನು ನೋಡಿದ, ಆಮೇಲೆ ಅವಳ ಕೋಟನ್ನು ನೋಡಿದ.

"ಕೊಡೇ," ಅಂದಳು ದೊಡ್ಡವಳು. "ಏನಾಗಲ್ಲ, ಒಂದೇ ಸಲ."

ಅವಳದೇ ಕೈಗಳು ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವು. ಅವಳದೇ ಕೈಗಳು ಕೂಸನ್ನು ಬಗ್ಗಿಸಿ ತಟ್ಟೆಯ ಹಬೆಗೆ ಹಿಡಿದವು. ಕೂಸು ಒಮ್ಮೆ ಸೀನಿತು, ಥಟ್ಟನೆ ಅಳು ನಿಲ್ಲಿಸಿತು, ಆಮೇಲೆ ತುಂಬು ಊಟ ಮಾಡಿದ ಮುದುಕನ ಹಾಗೆ ತೇಗಿತು. ಮನೆಯೊಡತಿ "ಎಷ್ಟು ಜಾಣೆ" ಎಂದು ಚಪ್ಪಾಳೆ ತಟ್ಟಿದಳು. ದೊಡ್ಡವಳೂ ನಕ್ಕಳು.

ಅಂದಿನಿಂದ ಕೂಸು ಅತ್ತಿಲ್ಲ, ಮೊಲೆಗೆ ಬಾಯಿಟ್ಟಿಲ್ಲ. ಪಕ್ಕದ ಮನೆಯ ಹಾಲೂಡಿಸುವ ಹೆಂಗಸು ಎತ್ತಿಕೊಂಡರೂ ತುಟಿ ಬಿಚ್ಚಲಿಲ್ಲ. ಬಟ್ಟೆ ಅದ್ದಿ ಹಾಲು ಹಿಂಡಿದರೆ ಕೆನ್ನೆಯ ಮೇಲೆ ಹರಿದು ಹೋಯಿತು. ಚಿಕ್ಕವಳು ಅಕ್ಕನನ್ನು ಬೈಯಲಿಲ್ಲ, ಶಪಿಸಲಿಲ್ಲ. ನಿನ್ನೆ ರೊಟ್ಟಿ ಬಡಿಯುವ ಹಲಗೆಯ ಮೇಲೆ ಕೂಸನ್ನು ಮಲಗಿಸಿ, "ಅಕ್ಕಾ, ಹಗುರಾಗಿದಾಳೆ ಅಲ್ವಾ?" ಎಂದಷ್ಟೇ ಕೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಮೇಸ್ತ್ರಿ ಚಿಕ್ಕವಳ ಕತ್ತು ಬಿಟ್ಟು ನೆಟ್ಟಗೆ ನಿಂತ.

"ನಿನ್ನ ಕತೇನೂ ಮುಗೀತು. ಮೇಲೆ ಆಗ್ಲೇ ಎರಡು ಸಲ ಗಂಟೆ ಹೊಡೆದ್ರು. ಕೂಸನ್ನ ಕೊಡು."

"ಅದರ ಹಸಿವೇ ಹೋಯ್ತಲ್ಲ ಸ್ವಾಮಿ. ಮೂರು ದಿನ ಆಯ್ತು, ಹನಿ ಇಳಿದಿಲ್ಲ," ಅಂದಳು ಚಿಕ್ಕವಳು.

"ಮಕ್ಕಳದು ತಳದಲ್ಲಿ ಇನ್ನೂ ಇರತ್ತೆ. ಕೆರೆದ್ರೆ ಬರತ್ತೆ. ಏಯ್ ದೊಡ್ಡವಳೇ, ನಿಂತ್ಕೊಂಡು ಏನ್ ಕಿಸೀತಿದೀಯಾ? ಎತ್ಕೋ ಅದನ್ನ."

ದೊಡ್ಡವಳು ಎರಡು ಹೆಜ್ಜೆ ಮುಂದೆ ಬಂದಳು. ಈ ಸಲ ಚಿಕ್ಕವಳು ಕೂಸನ್ನು ಅವಚಿಕೊಳ್ಳಲಿಲ್ಲ. ತಲೆಯೆತ್ತಿ ಅಕ್ಕನ ಮುಖ ನೋಡಿದಳು.

"ಕೊಡ್ಬೇಕಾ ಅಕ್ಕಾ? ನೀನು ಕೊಡು ಅಂದ್ರೆ ಕೊಡ್ತೀನಿ."

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು, ಚಿಕ್ಕಂದಿನಲ್ಲಿ ಈ ನೀರು ಕುಡಿಯಬಹುದಾ, ಈ ದಾರಿಯಲ್ಲಿ ಹೋಗಬಹುದಾ ಎಂದು ಕೇಳುತ್ತಿದ್ದ ಹಾಗೆಯೇ. ಹೊಟ್ಟೆಗೆ ಕಿವಿಯಿಟ್ಟಾಗಿನ ನಾಚಿಕೆ, ಸಾಲಿನ ಗಂಡಸರು ನಕ್ಕಾಗಿನ ನಾಚಿಕೆ, ಅವೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಆ ನಾಚಿಕೆಗಳನ್ನು ಬೇರೆಯವರು ತಂದು ಅವಳ ಮೇಲೆ ಹಾಕಿದ್ದರು. ಇದನ್ನು ಅವಳೇ ಮಾಡಿಕೊಂಡಿದ್ದಳು.

ಅವಳು ಕೂಸಿನ ಕಡೆಗೆ ಚಾಚಿದ ಕೈಯನ್ನು ತಟ್ಟೆಗೆ ಹಾಕಿದಳು. ಒಂದು ತುಂಡು ಮಾಂಸ ಎತ್ತಿ ಬಾಯಿಗಿಟ್ಟುಕೊಂಡಳು.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ತಟ್ಟೆಯಲ್ಲಿದ್ದುದನ್ನು ತಿನ್ನಬಾರದು ಎಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಹಸಿವೆಯೇ ಇಲ್ಲದವರು ತಿನ್ನುತ್ತಾರೆಂದು ಯಾರಿಗೆ ಹೊಳೆಯಬೇಕು? ಎಂಟು ಮಂದಿಗೂ ಇಷ್ಟು ದಿನ ಹೊಳೆದಿರಲಿಲ್ಲ.

ಬಾಯಲ್ಲಿ ಅದು ಹಸಿಮಣ್ಣಿನ ಹಾಗಿತ್ತು. ಗಂಟಲು ಬೇಡವೆಂದು ಮುಚ್ಚಿಕೊಂಡಿತು, ವಾಂತಿ ಒತ್ತರಿಸಿ ಬಂತು. ಅವಳು ಕಣ್ಣುಮುಚ್ಚಿ ನುಂಗಿದಳು. ಇನ್ನೊಂದು ತುಂಡು ತುರುಕಿಕೊಂಡಳು. ಅಷ್ಟರಲ್ಲಿ ಮೇಸ್ತ್ರಿ ಎಚ್ಚೆತ್ತು ಅವಳ ಕಪಾಳಕ್ಕೆ ಬಾರಿಸಿದ. ಹೊಡೆತಕ್ಕೆ ತುಟಿ ಒಡೆಯಿತು. ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ.

"ಉಗುಳೇ, ಬೋಸುಡಿ. ಅದು ಯಾರದ್ದು ಗೊತ್ತಾ?"

ನಾಲ್ಕನೆಯ ತುತ್ತಿಗೆ ಅವಳ ಹೊಟ್ಟೆಯೊಳಗೆ ಏನೋ ಒದ್ದಿತು. ಆಮೇಲೆ ಅದು ಕೂಗಿತು, ಗುರ್ರೆಂದು, ಬೆಂಚಿನ ಆ ಕೊನೆಯವರೆಗೂ ಕೇಳುವ ಹಾಗೆ. ಹಳೆಯ ಅಭ್ಯಾಸದಿಂದ ಅವಳ ಕೈ ಹೊಟ್ಟೆ ಮುಚ್ಚಲು ಹೋಯಿತು. ಅರ್ಧಕ್ಕೇ ತಡೆದು, ಆ ಕೈಯಿಂದ ತಂಗಿಯ ಗಲ್ಲ ಹಿಡಿದಳು.

"ಬಾಯಿ ತೆಗಿ."

"ಬೇಡ ಅಕ್ಕಾ, ಹೊಟ್ಟೆ ತುಂಬಿದೆ."

"ಅದು ನಿನ್ನ ಹೊಟ್ಟೆ ಅಲ್ಲ ಕಣೇ. ಮೇಲಿರೋರ್ದು. ತೆಗಿ ಬಾಯಿ."

ಗಾರೆ ತಾತ ಹಿಂದೆ ಬರುತ್ತಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಹಲ್ಲಿಲ್ಲದವನಿಗೆ ಮೆತ್ತಗಿರೋದು ಇದ್ರೆ ಇತ್ಲಾಗೆ ತಳ್ರೋ," ಅಂದ. ಒಬ್ಬರಾದ ಮೇಲೊಬ್ಬರು ಕೈಹಾಕಿದರು. ಯಾರಿಗೂ ರುಚಿ ಸಿಗುತ್ತಿರಲಿಲ್ಲ. ಓಕರಿಸಿಕೊಂಡು, ಕಣ್ಣಲ್ಲಿ ನೀರು ಹಾಕಿಕೊಂಡು, ಕಷಾಯ ಕುಡಿದಂತೆ ನುಂಗಿದರು. ಮೇಸ್ತ್ರಿ ಒಬ್ಬರ ಕೈ ಹಿಡಿದರೆ ಇನ್ನೊಬ್ಬರ ಕೈ ತಟ್ಟೆಯಲ್ಲಿರುತ್ತಿತ್ತು.

ಆಗ ಮೇಲೆ ಚಮಚಗಳ ಸದ್ದು ಕಡಿಮೆಯಾಗುತ್ತಾ ಬಂತು. ಬೆಂಚಿನವರು ಈ ಮನೆಗೆ ಬಂದಾಗಿನಿಂದ ಒಂದು ಗಳಿಗೆಯೂ ನಿಲ್ಲದಿದ್ದ ಸದ್ದು ಅದು. ಪಿಟೀಲು ಒಮ್ಮೆ ಕೀರಲಾಗಿ ಕೂಗಿ ನಿಂತುಹೋಯಿತು. ಹೆಂಗಸೊಬ್ಬಳ ದನಿ "ಸಾಕು" ಅಂದಿತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಯಾರೋ ಬಿಕ್ಕಿ ಬಿಕ್ಕಿ ಅಳತೊಡಗಿದರು. ಮೇಸ್ತ್ರಿ ಚಾವಣಿ ನೋಡಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

ದೊಡ್ಡವಳಿಗೆ ಮೇಲಿನದು ಬೇಕಿರಲಿಲ್ಲ. ಚಿಕ್ಕವಳು ಸೆರಗಿನ ಮರೆಯಲ್ಲಿ ಕೂಸಿನ ಬಾಯಿಗೆ ಮೊಲೆಯಿಟ್ಟು ಕಾಯುತ್ತಿದ್ದಳು. ಕೂಸಿನ ತುಟಿ ಮುಚ್ಚಿಯೇ ಇತ್ತು. ಅದು ಚಾವಣಿಯನ್ನೇ ನೋಡುತ್ತಿತ್ತು.

ದೊಡ್ಡವಳು ನೀಲಿ ಕೋಟು ಬಿಚ್ಚಿ ನೆಲಕ್ಕೆ ಹಾಸಿದಳು. ಕೂಸನ್ನು ಅದರ ಮೇಲೆ ಮಲಗಿಸಿ, ಮೊಣಕಾಲೂರಿ, ಅದರ ಹೊಟ್ಟೆಗೆ ಕಿವಿಯಿಟ್ಟಳು. ತನ್ನ ಹೊಟ್ಟೆಯ ಕೂಗು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬೆಂಚಿನವರು ಒಬ್ಬೊಬ್ಬರಾಗಿ ಅಗಿಯುವುದನ್ನು ನಿಲ್ಲಿಸಿದರು.

ಮೆಟ್ಟಿಲ ಮೇಲಿನ ಬಾಗಿಲು ದಡಾರನೆ ತೆರೆಯಿತು. "ಏನ್ರೋ ಅದು ಕೆಳಗೆ? ತಟ್ಟೆ ಎಲ್ಲಿ? ಜನ ಎದ್ದು ಹೋಗ್ತಿದಾರೆ," ಎಂದು ಮನೆಯೊಡತಿ ಕಿರುಚಿದಳು.

"ಬಾಯಿ ಮುಚ್ಚಮ್ಮ," ಅಂದಳು ದೊಡ್ಡವಳು, ತಲೆಯೆತ್ತದೆ. "ನಮ್ಮ ಮಗು ಹೊಟ್ಟೆ ಕೂಗತ್ತಾ ಅಂತ ಕೇಳ್ತಾ ಇದೀನಿ."

ಮನೆಯೊಡತಿ ಬಾಯಿ ಮುಚ್ಚಿದಳು. ದೊಡ್ಡವಳು ಇನ್ನೊಂದು ಕಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡು ಮತ್ತೆ ಕೇಳಿದಳು.